ಕಾಡುಕೋಣದ ಬೆಡಗಿನ ಜಾಡುಗಾರ

ಜಾಂಬೆಜಿ ಕಣಿವೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಜಾಡುಗಾರ ಮುಸೆಕಿವಾ ಬೂದಿ ತುಂಬಿದ ಹಳೆಯ ಕಾಲುಚೀಲವನ್ನು ಕೊಡವಿ ಗಾಳಿ ಯಾವ ಕಡೆಗೆಂದು ನೋಡುತ್ತಾರೆ. ಬೂದಿ ನೇರವಾಗಿ, ಬೇಟೆಗೆಂದು ಸ್ಪೇನಿನಿಂದ ಬಂದ ಟೈಲ್ಸ್ ವ್ಯಾಪಾರಿಯ ಮೂಗಿಗೇ ಹೋಗುತ್ತದೆ. ಅವನು ಸೀನಿದ ರಭಸಕ್ಕೆ ಪೊದೆಯಾಚೆ ಮೇಯುತ್ತಿದ್ದ ಕಾಡುಕೋಣಗಳ ಹಿಂಡು ದಡದಡನೆ ಓಟ ಕೀಳುತ್ತದೆ.

"ಗಾಳಿ ಚೆನ್ನಾಗೇ ಇತ್ತು," ಎನ್ನುತ್ತಾರೆ ಮುಸೆಕಿವಾ, ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ. "ಮೂಗು ಕೈಕೊಡ್ತು."

ಬೇಟೆ ಶಿಬಿರದ ಗೋಡೆಯ ತುಂಬ ದುಡ್ಡು ಕೊಟ್ಟು ಬಂದವರ ಫೋಟೋಗಳಿವೆ. ಹೆಜ್ಜೆ ಹುಡುಕಿ, ಸಗಣಿ ಮುಟ್ಟಿ ಬಿಸಿ ನೋಡಿ, ಅವರನ್ನೆಲ್ಲ ಕೋಣದೆದುರು ತಂದು ನಿಲ್ಲಿಸಿದ ಮುಸೆಕಿವಾ ಒಂದರಲ್ಲೂ ಇಲ್ಲ. ಇದ್ದಾರೆ, ಆದರೆ ಕಾಣುವುದಿಲ್ಲ. ಕೊಂಬು ನೆಟ್ಟಗೆ ನಿಲ್ಲಲೆಂದು ಕೋಣದ ಹಿಂದೆ ಮಲಗಿ ಅದರ ತಲೆ ಎತ್ತಿ ಹಿಡಿದಿರುತ್ತಾರೆ.

ತಮಾಷೆಯೆಂದರೆ, ಅವರದ್ದು ಕಾಡುಕೋಣದ ಬೆಡಗು, ಕೋಣವನ್ನು ಸ್ವಂತ ಬಂಧುವೆಂದು ನಂಬುವ ಕುಲ. ಊರವರು ಕರೆಯುವುದೇ 'ನ್ಯಾತಿ', ಅಂದರೆ ಕೋಣ, ಎಂದು. ಜಾಡು ಹಿಡಿಯಬಹುದು, ಚರ್ಮ ಸುಲಿಯಬಹುದು, ಮಾಂಸ ಮಾತ್ರ ನಾಲಿಗೆಗೆ ಸೋಕುವಂತಿಲ್ಲ. ಹೆಂಡತಿ ಎವೆಲಿನಾ ಸಿಂಹದ ಬೆಡಗಿನವರು, ಅವರಿಗೆ ಕೋಣದ ಮಾಂಸವೆಂದರೆ ಪ್ರಾಣ. ಸಂಸಾರ ಹೇಗೆ ನಡೆದಿದೆಯೆಂದು ಬಿಡಿಸಿ ಹೇಳಬೇಕಿಲ್ಲ.

ಈ ವಾರ ಪೀಕಲಾಟ ಜೋರಾಗಿದೆ. ನಾಳೆ ಎವೆಲಿನಾ ಅವರ ತಾಯಿ ಬರುತ್ತಾರೆ. ಆ ಅತ್ತೆಗೆ ಅಳಿಯನ ಕಡೆಯವರೆಂದರೆ ಮದುವೆಯ ದಿನದಿಂದಲೂ ಅಷ್ಟಕ್ಕಷ್ಟೆ. ಬೇಟೆಯಾದರೆ ಮಾಂಸ ಊರಿಗೆಲ್ಲ ಹಂಚಿಕೆ, ಇಲ್ಲದಿದ್ದರೆ ಅತ್ತೆಯ ಮುಂದೆ ಬರೀ ಒಣಮೀನು. ವ್ಯಾಪಾರಿಗೆ ಇವತ್ತೇ ಕೊನೆಯ ದಿನ.

"ರಾತ್ರಿ ಎದ್ದು ಹೋಗಿ ನಿಮ್ಮ ಅಣ್ಣತಮ್ಮಂದಿರಿಗೆ ಸುದ್ದಿ ಮುಟ್ಟಿಸಿ ಬರ್ತೀರಾ ಹೆಂಗೆ?" ಎಂದು ಎವೆಲಿನಾ ಹೊರಡುವಾಗಲೇ ಚುಚ್ಚಿದ್ದಾರೆ. "ನಮ್ಮವ್ವನಿಗೆ ಒಣಮೀನು ಇಟ್ಟರೆ ನಾನೇನೂ ಅನ್ನಲ್ಲ. ಅವಳೇ ಅಂತಾಳೆ."

ಹಾಗಾಗಿ ಮುಸೆಕಿವಾ ವ್ಯಾಪಾರಿಯ ಮೂಗಿಗೆ ಕರವಸ್ತ್ರ ಕಟ್ಟಿಸಿ, ಅವನ ಅತ್ತರಿನ ಮೇಲೆ ಹಸಿ ಸಗಣಿ ಬಳಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮುದಿ ಒಂಟಿ ಕೋಣವೊಂದು ಸಿಕ್ಕಿ, ವ್ಯಾಪಾರಿಯ ಗುಂಡು ತಗುಲಿ ಉರುಳುತ್ತದೆ. ಮುಸೆಕಿವಾ ಅದರೆದುರು ಮಂಡಿಯೂರಿ, ಅಂಗೈ ಗುಳಿ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆ. ಬೆಡಗಿನ ಹಿರಿಯರಿಗೆ ಸಲ್ಲಿಸುವ ಮರ್ಯಾದೆ ಅದು.

"ತಪ್ಪು ತಿಳೀಬೇಡ ಅಣ್ಣಾ," ಎಂದು ಕೋಣದ ಕಿವಿಯಲ್ಲಿ ಹೇಳುತ್ತಾರೆ. "ಅತ್ತೆ ಬರ್ತಿದಾರೆ."

ಚಪ್ಪಾಳೆ ತನಗೇ ಎಂದುಕೊಂಡ ವ್ಯಾಪಾರಿ ಟೋಪಿ ತೆಗೆದು ಬಾಗುತ್ತಾನೆ.

ಮರುದಿನ ಅಡುಗೆ ಗುಡಿಸಲಲ್ಲಿ ದೊಡ್ಡ ಪಾತ್ರೆ ಕುದಿಯುತ್ತಿದೆ. ಅತ್ತೆಯೆದುರು ಅಳಿಯ ಕೂತು ಉಣ್ಣುವಂತಿಲ್ಲ. ಮುಸೆಕಿವಾ ಹೊರಗೆ ಮರದಡಿ ಕೂತು ಜೋಳದ ಸಾಡ್ಜಾ ಮುದ್ದೆಯನ್ನು ಒಣಮೀನಿನ ಸಾರಿಗೆ ಅದ್ದಿ ಬಾಯಿಗಿಡುತ್ತಾರೆ, ಕಿವಿಯೆಲ್ಲ ಒಳಗೇ ಇದೆ. ಮೂಳೆ ಚೀಪುವ ಸದ್ದು ಬಹಳ ಹೊತ್ತು ಕೇಳುತ್ತದೆ. ಕೊನೆಗೆ ಅತ್ತೆಯ ಧ್ವನಿ ಬರುತ್ತದೆ.

"ಅಳಿಯಂದ್ರೇ, ನಿಮ್ಮ ಕಡೆಯವರು ಸ್ವಲ್ಪ ಗಟ್ಟಿ. ಆದರೂ ರುಚಿಯಾಗಿದಾರೆ."

ಮುಸೆಕಿವಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ನೆಟ್ಟಗೆ ಕೂರುತ್ತಾರೆ.

"ಇದನ್ನ ಬರ್ಕೊಳ್ಳಿ," ಎನ್ನುತ್ತಾರೆ ನನಗೆ. "ಮದುವೆಯಾದ ಮೇಲೆ ಅತ್ತೆ ನಮ್ಮ ಕಡೆಯವರನ್ನ ಹೊಗಳಿದ್ದು ಇದೇ ಮೊದಲು."