ಕುರ್ಚಿ ಒರೆಸಿದ್ದು ಯಾರಿಗೆ?

“ಬನ್ನಿ ಸಾರ್, ಕೂತ್ಕೊಳ್ಳಿ” ಎಂದು, ಬಾಗಿಲಿಗೆ ಬಂದ ಇಸ್ತ್ರಿ ಷರಟಿನವರಿಗೆ ನಮ್ಮ ಶೆಡ್ಡಿನಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯನ್ನು ಒರೆಸಿ ಕೊಟ್ಟೆ. ಅವರ ಕೈಯಲ್ಲಿ ಫೈಲು ಬೇರೆ ಇತ್ತು. ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ನಾನು ಹೊಸದಾಗಿ ತೆರೆದಿದ್ದ ಲೇತ್ ವರ್ಕ್‌ಶಾಪಿಗೆ ಅಂದು ಸರ್ಕಾರದ ಮೊದಲ ತಪಾಸಣೆ. ಲೈಸೆನ್ಸ್ ಸಿಗುವುದು ಅದರ ಮೇಲೆ ನಿಂತಿತ್ತು.

ಅವರ ಹಿಂದೆಯೇ ಬಂದ ಹೆಂಗಸೊಬ್ಬರು ಮೆಷಿನ್ನುಗಳನ್ನೆಲ್ಲ ನೋಡಿ, ಆಯಿಲ್ ಮೆತ್ತಿದ ನನ್ನ ಏಪ್ರನ್ ಕಡೆ ತಿರುಗಿ, “ಓನರ್ ಎಲ್ಲಿದಾರಮ್ಮ? ಸ್ವಲ್ಪ ಕರೀರಿ” ಎಂದರು.

ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತಿದ್ದ ಇಸ್ತ್ರಿ ಷರಟಿನವರು ಕೊನೆಗೆ ಬಾಯಿಬಿಟ್ಟರು: “ಅಕ್ಕ, ನಾನು ಡ್ರೈವರ್ರು. ಇನ್‌ಸ್ಪೆಕ್ಟರ್ ಮೇಡಂ ಇವ್ರೇ. ಮೇಡಂ, ಹೊರಗೆ ಬೋರ್ಡಲ್ಲಿ ಹೆಂಗಸ್ರ ಹೆಸ್ರೈತೆ. ಓನರ್ ಇವ್ರೇ ಇರ್ಬೇಕು.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲು ನಕ್ಕವರು ಮೇಡಂ. ಸರ್ಕಾರಿ ಕೆಲಸಕ್ಕೆ ಬರುವ ಮುಂಚೆ ಅವರೂ ದೊಡ್ಡನೆಕ್ಕುಂದಿಯಲ್ಲಿ ಸ್ಪ್ರಿಂಗ್ ತಯಾರಿಸುವ ಶೆಡ್ ನಡೆಸಿದ್ದರಂತೆ. “ಅಲ್ಲಿ ಯಜಮಾನ್ರು ಎಲ್ಲಿ ಅಂತಿದ್ರು. ನಮ್ಮಾಫೀಸಿಗೆ ಮೊದಲ್ನೇ ಲೇಡಿ ಇನ್‌ಸ್ಪೆಕ್ಟರ್ ಆಗಿ ಬಂದ್ರೆ, ಸಾಹೇಬ್ರು ಎಲ್ಲಿ ಅಂತಾರೆ. ಇವತ್ತು ನಾನೇ ಕೇಳ್ಬಿಟ್ನಲ್ರೀ!”

ಅಷ್ಟು ನಕ್ಕರೂ ರಿಯಾಯಿತಿ ಕೊಡಲಿಲ್ಲ. ಮೆಷಿನ್ನಿನ ತಿರುಗುವ ಬೆಲ್ಟಿಗೆ ಕೈ ಸಿಕ್ಕದಂತೆ ಮುಚ್ಚುವ ಗಾರ್ಡ್ ಇಲ್ಲವೆಂದು ಬರೆದೇ ಹೋದರು. ಆ ವಾರವೇ ಹಾಕಿಸಿದೆ, ಲೈಸೆನ್ಸೂ ಬಂತು. ಈಗಲೂ ಬಾಗಿಲಲ್ಲಿ ಸರ್ಕಾರಿ ಜೀಪು ನಿಂತರೆ “ನಾನೇ ಓನರ್” ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ, ಆಫೀಸರ್ ಯಾರೆಂದು ಕೇಳಿಯೇ ಕುರ್ಚಿ ಒರೆಸುತ್ತೇನೆ.