ಕುಣಿ ಮುಚ್ಚಿದ ಮೇಲೆ ತಂದ ಮಂಜಿನ ಯಂತ್ರ

ಅಕ್ಕನ ಕೊನೆಯ ದಿನ ಬೇರೆ ದಿನಗಳ ಹಾಗೆಯೇ ಶುರುವಾಯಿತು. ಚಹಾ ಕುಡಿದು ಮಗ್ಗದ ಹತ್ತಿರ ಹೋದಳು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಕುಣಿಯೊಳಗೆ ತಂಬಿಗೆಯಿಂದ ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹಿಂಡಿ ಬದಿಗೆ ಹಾಸಿದಳು. ಬನಹಟ್ಟಿಯ ಬಿಸಿಲಿಗೆ ಹಾಗೆ ಮಾಡದಿದ್ದರೆ ಮಗ್ಗದ ಮೇಲಿನ ನೂಲಿನ ಎಳೆಗಳು ಒಣಗಿ ಹರಿಯುತ್ತವೆ. ನಮ್ಮ ಓಣಿಯಲ್ಲಿ ಇದು ಮುಖ ತೊಳೆದಷ್ಟೇ ಸಹಜ.

ಆ ಕುಣಿಯ ಮೇಲಿನ ತೊಲೆಗೆ ಅವಳ ಆರ್ಕಿಡ್ ಗಿಡಗಳು ತೂಗುತ್ತಿದ್ದವು. ಬುಟ್ಟಿಯಲ್ಲಿ ಮಣ್ಣಿಲ್ಲ, ತೆಂಗಿನ ಸಿಪ್ಪೆ ಮತ್ತು ಇದ್ದಿಲು. ಕೆಳಗಿನ ತೇವ ಮೇಲೇರಿ ಎಲೆಗಳಿಗೆ ತಾಗುತ್ತಿತ್ತು. ನೂಲಿಗೆಂದು ಹಾಕಿದ ನೀರಿನಲ್ಲೇ ಗಿಡಗಳೂ ಬದುಕುತ್ತಿದ್ದವು.

"ಬಾ ಇಲ್ಲಿ, ಹೂವಿನ ದಂಟು ಬಂದೈತಿ ನೋಡು," ಎಂದು ಕರೆದಳು. ಬೆಳಗಾವಿಯ ನರ್ಸರಿಯಿಂದ ಅವಳು ತಂದ ದೊಡ್ಡ ಗಿಡದ ಎಲೆಯ ಬುಡದಲ್ಲಿ ಹಸಿರು ಮೂತಿಯೊಂದು ಹೊರಬಂದಿತ್ತು.

"ಬೇರ ಇರಬೇಕು," ಎಂದೆ.

"ಬೇರ ಆದ್ರ ಕೆಳಗ ಹೋಗತೈತಿ. ಇದು ಮ್ಯಾಲ ನೋಡಾಕತ್ತೈತಿ. ಕಣ್ಣ ಎಲ್ಲಿ ಇಟ್ಟೀಯ?"

"ಯಾವ ಬಣ್ಣದ ಹೂವ ಅಕ್ಕಾ?"

"ನರ್ಸರ್ಯಾಗ ತಾಯಿಗಿಡದ ಹೂವ ನಾ ನೋಡೇನಿ. ಬಿಟ್ಟಾಗ ನೀನೂ ನೋಡು. ಎಲ್ಲಾ ಮೊದ್ಲ ಹೇಳಬೇಕೇನ ನಿನಗ?"

ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ಕೂತಳು. ಏಳಲಿಲ್ಲ.

ಸಾವಿನ ಮನೆಯೆಂದು ಮಾತಾಡಿಸಲು ಬರುವ ಮಂದಿ ಹೆಚ್ಚಾದರು. ಬಂದವರೆಲ್ಲ ಕುಣಿಯ ಸುತ್ತ ಕಾಲು ಮಡಚಿಕೊಂಡು ಕೂತರು. ಅಣ್ಣನಿಗೆ ಅದು ನಾಚಿಕೆಯ ವಿಷಯವಾಯಿತು. ಅಕ್ಕ ಹೋದ ನಾಚಿಕೆಯಲ್ಲ, ಬೀಗರಿಗೆ ಸರಿಯಾಗಿ ಕೂಡಲು ಜಾಗವಿಲ್ಲದ ನಾಚಿಕೆ. "ಇನ್ನ ನೇಯೋರ ಯಾರ ಅದಾರ? ಸುಮ್ನ ಹಾಳಗುಣಿ," ಎಂದ. ನಾನು ಬೇಡವೆಂದೆ. ತಿಂಗಳು ತುಂಬುವುದರೊಳಗೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹೋಯಿತು, ಕುಣಿಗೆ ಮರಂ ಮಣ್ಣು ಬಿತ್ತು, ಅದರ ಮೇಲೆ ಮುಖ ಕಾಣುವಂಥ ಟೈಲ್ಸ್. ಬಂದವರು ನೆಲವನ್ನು ಹೊಗಳಿದರು. ಸತ್ತವಳ ಮಾತು ಆಮೇಲೆ ಬಂತು. ಕೆಲವರಿಗೆ ಬರಲೇ ಇಲ್ಲ.

ಗಿಡಗಳು ಹೊಗಳಲಿಲ್ಲ. ಎಲೆಗಳು ಮುದುಡಿ ಹಳೆಯ ಚಪ್ಪಲಿಯ ಹಾಗಾದವು. ಹಸಿರು ದಂಟು ತುದಿಯಿಂದ ಒಣಗುತ್ತ ಬಂದು ಒಂದು ದಿನ ಉದುರಿತು. ಆ ಹೂವನ್ನು ನೋಡಲೇಬೇಕೆಂದು ನಾನು ಹಟ ಹಿಡಿದದ್ದು ಆಗ. ಅಣ್ಣನಿಗೆ ಹೇಳಿದರೆ, "ಅದಕ್ಕೇನ, ಮಂಜು ಬಿಡೋ ಮಷಿನ್ ಸಿಗತಾವು, ತರೋಣು," ಎಂದ. ಮನುಷ್ಯ ಮೊದಲು ಬಾವಿ ಮುಚ್ಚುತ್ತಾನೆ, ಆಮೇಲೆ ಬಾಟಲಿ ನೀರಿನ ದರ ವಿಚಾರಿಸುತ್ತಾನೆ.

ಜಮಖಂಡಿಯ ಅಂಗಡಿಯಲ್ಲಿ, ಗಾಳಿಗೆ ತೇವ ಬಿಡುವ ಹ್ಯುಮಿಡಿಫೈಯರ್ ಕೇಳಿದೆ. ಅಂಗಡಿಯವನು ಮೊದಲು ಕೂಲರ್ ತೋರಿಸಿದ. ಅದಲ್ಲವೆಂದಾಗ ಉಗಿ ತೆಗೆದುಕೊಳ್ಳುವ ಡಬ್ಬಿ ತಂದಿಟ್ಟ.

"ನೆಗಡಿ ಯಾರಿಗೆ ಅಕ್ಕಾರ?"

"ಗಿಡಕ್ಕ."

"ಗಿಡಕ್ಕ ನೆಗಡಿ ಆಗತೈತೇನ್ರಿ?" ಎಂದು ಪಕ್ಕದವನ ಕಡೆ ನೋಡಿ ನಕ್ಕ. ನಗಲಿ. ಬಿಸಿ ಉಗಿಯಲ್ಲಿ ಎಲೆ ಬೇಯುತ್ತದೆಂದು ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಮುಧೋಳದ ಅಂಗಡಿಯವನು ಇನ್ನೂ ಜಾಣ. ಕೋಳಿ ಮೊಟ್ಟೆಯಾಕಾರದ ಒಂದು ದೀಪ ಇಟ್ಟ. ಬಣ್ಣ ಬದಲಾಗುತ್ತ, ತುದಿಯಿಂದ ಬೀಡಿ ಸೇದಿದ ಹಾಗೆ ಹೊಗೆ ಬಿಡುತ್ತಿತ್ತು.

"ಎರಡ ಹನಿ ಗಂಧದೆಣ್ಣಿ ಹಾಕಿದ್ರ ಛಲೋ ನಿದ್ದಿ ಬರತೈತ್ರಿ."

"ಎಷ್ಟ ನೀರು ಹಿಡಿತೈತಿ?"

"ಒಂದ ಕಪ್ಪು. ನೀವು ಮಲಗೂತನಕ ಸಾಕ್ರಿ."

"ಗಿಡ ಮಲಗಾಂಗಿಲ್ಲ."

"ಹಂಗಾರ ದೊಡ್ಡ ಮೊಟ್ಟಿ ತರಸ್ತೀನಿ ತಗೋರಿ," ಎಂದ.

ಮೊಬೈಲಿನಲ್ಲಿ ಉಪದೇಶಕರಿಗೆ ಬರವಿಲ್ಲ. ಗೋಡೆಗೆ ಪಾಚಿ ಹಿಡಿಯುವ ಊರಲ್ಲಿ ಕೂತ ಹೆಣ್ಣುಮಗಳೊಬ್ಬಳು ಆರ್ಕಿಡ್ ಬೆಳೆಸುವುದು ಬಹಳ ಸುಲಭ ಎಂದಳು. ಅವಳು ಒಂದು ಏಪ್ರಿಲ್ ನಮ್ಮ ತಗಡಿನ ಪತ್ರಾಸ್ ಶೆಡ್ಡಿನ ಕೆಳಗೆ ಕೂತು ಹಾಗೆ ಹೇಳಲಿ.

ಕೊನೆಗೆ ಅಣ್ಣನೇ ದೊಡ್ಡ ಟ್ಯಾಂಕಿನ ಒಂದನ್ನು ಪಾರ್ಸೆಲ್ ತರಿಸಿದ. ಗುಂಡಿ ಒತ್ತಿದರೆ ಬೆಳ್ಳಗೆ ಮಂಜು. ಓಣಿಯ ಮಂದಿಯನ್ನು ಕರೆದು ತೋರಿಸಿದ. ಅದಕ್ಕೆ ಬೋರಿನ ನೀರು ತುಂಬಿದ. ನಮ್ಮ ಬೋರಿನ ನೀರು ಕುದಿಸಿದ ಪಾತ್ರೆಯಲ್ಲಿ ಸುಣ್ಣದ ಪದರು ನಿಲ್ಲುತ್ತದೆ, ಇದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಮಷಿನ್ ಮೇಲೆ ಅವನಿಗೆ ಪಾತ್ರೆಗಿಂತ ಹೆಚ್ಚು ನಂಬಿಕೆ. ಆ ಯಂತ್ರ ನೀರನ್ನು ಸುಣ್ಣದ ಸಮೇತ ಪುಡಿ ಮಾಡಿ ಗಾಳಿಗೆ ಎಸೆಯುತ್ತದೆ. ವಾರದೊಳಗೆ ಎಲೆಗಳು, ಟಿವಿ, ಅಕ್ಕನ ಫೋಟೋದ ಗಾಜು, ಎಲ್ಲದರ ಮೇಲೂ ಬಿಳಿ ಹಿಟ್ಟು.

"ಏನಿದು, ಟಿವಿಗೆ ವಿಭೂತಿ ಹಚ್ಚೀಯೇನ?" ಎಂದು ನನ್ನನ್ನೇ ಕೇಳಿದ.

"ನಿನ್ನ ಮಷಿನ್ ಹಚ್ಚೈತಿ. ನಿನ್ನ ಹಣಿಗೂ ಹತ್ತೈತಿ, ಒರಸ್ಕೋ," ಎಂದೆ.

ಒರೆಸಿಕೊಂಡ.

ಎರಡನೆಯದನ್ನು ನಾನೇ ಆರಿಸಿದೆ. ಬೆಳಕಿಲ್ಲ, ಮಂಜಿಲ್ಲ, ತೋರಿಸಿಕೊಳ್ಳಲು ಏನೂ ಇಲ್ಲ. ಒಳಗೆ ನೀರು ಕುಡಿದ ದಪ್ಪ ಬತ್ತಿ, ಹಿಂದೆ ಒಂದು ಫ್ಯಾನು. ಒದ್ದೆ ಬತ್ತಿಯ ಮೂಲಕ ಗಾಳಿ ಹಾಯುತ್ತದೆ, ಸುಣ್ಣ ಬತ್ತಿಯಲ್ಲೇ ಉಳಿಯುತ್ತದೆ. ಅಂದರೆ ಒದ್ದೆ ಗೋಣಿಚೀಲಕ್ಕೆ ಕಂಪನಿಯವರು ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ, ವೈರು ಸಿಕ್ಕಿಸಿ, ಒಂದು ವರ್ಷದ ಗ್ಯಾರಂಟಿ ಕೊಟ್ಟಿದ್ದಾರೆ. ಅಕ್ಕನ ಗೋಣಿಚೀಲಕ್ಕೆ ಗ್ಯಾರಂಟಿ ಇರಲಿಲ್ಲ, ಕರೆಂಟು ಹೋದರೆ ನಿಲ್ಲುತ್ತಲೂ ಇರಲಿಲ್ಲ.

ಈಗ ಅದಕ್ಕೆ ನಾನು ಫಿಲ್ಟರ್ ನೀರನ್ನೇ ಹಾಕುತ್ತೇನೆ, ವಾರಕ್ಕೊಮ್ಮೆ ಬತ್ತಿ ತೊಳೆಯುತ್ತೇನೆ. ಗಿಡಗಳನ್ನು ಮೂಲೆಗೆ ಸರಿಸಿ ಒಟ್ಟಿಗೆ ಇಟ್ಟಿದ್ದೇನೆ. ಟೈಲ್ಸ್ ಹೊಳೆಯುವ ನಡುಮನೆ ಬೀಗರಿಗೆ ಇರಲಿ. ಬಂದವರಿಗೆ ಅಣ್ಣ, "ನಮ್ಮ ತಂಗಿಗೆ ಗಿಡದ ಹುಚ್ಚು, ಅದಕ್ಕಂತ ಮಷಿನ್ ತರಿಸೇನಿ," ಎನ್ನುತ್ತಾನೆ. ಅವರು ಚಹಾ ಕುಡಿಯುತ್ತ ತಲೆ ಆಡಿಸುತ್ತಾರೆ. ಅವರ ಕುರ್ಚಿಯ ಕೆಳಗೆ ಕುಣಿ ಇತ್ತೆಂದು ಯಾರೂ ಹೇಳುವುದಿಲ್ಲ. ನಾನೂ ಹೇಳುವುದನ್ನು ಬಿಟ್ಟಿದ್ದೇನೆ.

ದೊಡ್ಡ ಗಿಡದ ಎಲೆ ಮತ್ತೆ ದಪ್ಪವಾಗಿದೆ. ಹೋದ ವಾರ ಬುಡದಲ್ಲಿ ಹಸಿರು ಮೂತಿ ಕಂಡು ಹತ್ತಿರ ಹೋಗಿ ನೋಡಿದೆ. ಅದು ಕೆಳಗೆ ಬಾಗಿತ್ತು, ಬೇರು. ದಂಟು ಇನ್ನೂ ಬಂದಿಲ್ಲ. ಹೂವಿನ ಬಣ್ಣ ನನಗೆ ಗೊತ್ತಿಲ್ಲ.