ಸೂರಿಗೆ ಹೊದಿಸಿದ ಜಾಹೀರಾತು

ರಾಜಗೋಪಾಲನಗರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಕಾಲ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಪಾಠ ಓದಿಸಿ ಓದಿಸಿ ನನಗೇ ಆಕಳಿಕೆ ಬರುತ್ತಿತ್ತು. ಒಂದು ಸೋಮವಾರ ಪುಸ್ತಕ ಮುಚ್ಚಿ, "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಜಾಹೀರಾತು ತರಬೇಕು. ತರದೆ ಬಂದ್ರೆ ಕ್ಲಾಸಿಗೆ ಸೇರಿಸಲ್ಲ" ಅಂದೆ. ಸಿಟ್ಟು ನನಗೆ ಮೂಗಿನ ತುದೀಲೇ ಇರೋದು, ಹಾಗಾಗಿ ಮಕ್ಕಳು ನಂಬಿಬಿಟ್ಟರು.

ಏನೇನು ಬಂತು ಅಂತೀರಿ. ಊರಿನ ಹಳೇ ಮನೆತನದ ಒಬ್ಬಳು ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ್ದ ಪತ್ರಿಕೆಯನ್ನೇ ಕಿತ್ತು ತಂದಿದ್ದಳು. ಅದರಲ್ಲೊಂದು ರೇಡಿಯೋ ಜಾಹೀರಾತು. ಅಪ್ಪ ಕುರ್ಚಿ ಮೇಲೆ, ಮಕ್ಕಳು ನೆಲದ ಮೇಲೆ, ಅಮ್ಮ ಮಾತ್ರ ಕಾಫಿ ಲೋಟ ಹಿಡಿದು ನಿಂತಿದ್ದಾಳೆ.

"ಅಮ್ಮ ಯಾಕೆ ಕೂತಿಲ್ಲ?" ಅಂದೆ.

"ರೇಡಿಯೋ ಮಾರ್ತಿರೋದು ಅಪ್ಪಂಗೆ ಮಿಸ್. ಆಗ ದುಡ್ಡು ಅವರ ಕೈಲೇ ಇರ್ತಿತ್ತಲ್ಲ," ಅಂತ ಹಿಂದಿನ ಬೆಂಚಿನ ಒಬ್ಬಳು ಅಂದಳು. ಆ ಹುಡುಗಿಯನ್ನ ಎತ್ತಿ ಮುದ್ದಾಡೋಣ ಅನ್ನಿಸಿತು ನನಗೆ.

ಆದರೆ ಯಾದಗಿರಿ ಕಡೆಯಿಂದ ಬಂದಿದ್ದ ಒಬ್ಬಳು ಹುಡುಗಿ ಅವತ್ತಿಂದ ಮೂರು ದಿನ ಬರಲೇ ಇಲ್ಲ. ನಾಲ್ಕನೇ ದಿನ ಸ್ಕೂಲು ಬಿಟ್ಟ ಮೇಲೆ ಹುಡುಕಿಕೊಂಡು ಹೋದೆ. ಖಾಲಿ ಸೈಟಿನಲ್ಲಿ ಗಾರೆ ಕೆಲಸದವರ ಶೆಡ್ಡುಗಳು. ನನ್ನ ಕಂಡಿದ್ದೇ ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಮ್ಮನ್ಯಾಗ ಪೇಪರ್ ಗೀಪರ್ ಇಲ್ರಿ ಟೀಚರ್. ನಮ್ಮನಿ ನೋಡಿದ್ರ ಎಲ್ಲಾರು ನಗ್ತಾರ. ನಾ ಇನ್ನ ಸಾಲಿಗೆ ಬರಂಗಿಲ್ರಿ."

ನನ್ನ ಬಾಯಿಗಿಷ್ಟು ಮಣ್ಣು ಹಾಕ ಅಂತ ನನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಅವಳಮ್ಮ ಒಳಗೆ ಕರೆದು ಕೂರಿಸಿದರು. ತಲೆ ಎತ್ತಿದರೆ, ಸೂರಿಗೆ ಹೊದಿಸಿದ್ದು ಅಪಾರ್ಟ್‌ಮೆಂಟಿನ ಭಾರಿ ಫ್ಲೆಕ್ಸು. ಚಿತ್ರದ ಮುಖ ಒಳಗೆ ಬರೋ ಹಾಗೆ ಕಟ್ಟಿದ್ದರು. ಈಜುಕೊಳ, ಮರಗಳು, ನಗ್ತಿರೋ ಗಂಡ ಹೆಂಡತಿ, ಎಲ್ಲ ನನ್ನ ನೆತ್ತಿ ಮೇಲೆ.

"ಇಷ್ಟು ದೊಡ್ಡದು ಯಾರೂ ತಂದಿಲ್ಲ ಕಣೇ," ಅಂದೆ. ಅವಳು ನಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಅವಳಪ್ಪ ನಕ್ಕರು. "ಆ ಬಿಲ್ಡಿಂಗ್ ಕಟ್ಟಿದವ್ರು ನಾವ ರೀ. ಈಗ ಮಳಿ ಇಲ್ಲಲ್ಲ, ನಾಳಿ ಶನಿವಾರ ಬಿಚ್ಚಿ ತರ್ತೀನಿ ತಗೋರಿ."

ಹೇಳಿದ ಹಾಗೇ ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದರು. ಮಗಳು ಹತ್ತು ಹೆಜ್ಜೆ ಹಿಂದೆ, ಗುರುತೇ ಇಲ್ಲದವಳ ಹಾಗೆ ಬರ್ತಿದ್ದಳು. ಮೈದಾನದಲ್ಲಿ ಬಿಚ್ಚಿ ಹಾಸಿದ್ದೇ ತಡ, ಮಕ್ಕಳೆಲ್ಲ ಸುತ್ತ ಮುತ್ತಿಕೊಂಡವು. ನಾನು ಬಾಯಿ ತೆಗೆಯೋ ಮೊದಲೇ ಅವಳಪ್ಪ ಚಪ್ಪಲಿ ಬಿಟ್ಟು, ಚಿತ್ರದ ಮೇಲೆ ನಡೆದು ಈಜುಕೊಳದ ನಟ್ಟನಡುವೆ ನಿಂತರು.

"ಇದು ಸುಳ್ಳು ರೀ. ಇಲ್ಲಿ ಜನರೇಟರ್ ಕೂಡಿಸ್ಯಾರ. ಈ ಗಿಡದಾಗ ಒಂದೂ ಇಲ್ಲ. ಈ ಬಾಲ್ಕನ್ಯಾಗ ಗಂಡ ಹೆಂಡ್ತಿ ನಿಂತಾರಲ್ಲ, ಅಲ್ಲಿ ಒಂದು ಕುರ್ಚಿ ಹಿಡಿಯಂಗಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನು ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡೆ. ಜಾಹೀರಾತು ಏನೇನು ಮುಚ್ಚಿಡುತ್ತೆ ಅಂತ ಒಂದು ವಾರದಿಂದ ನಾನು ಹೇಳೋಕೆ ಒದ್ದಾಡ್ತಿದ್ದದ್ದನ್ನ ಅವರು ಐದು ನಿಮಿಷಕ್ಕೆ ಹೇಳಿ ಮುಗಿಸಿದ್ದರು.

"ಮಿಸ್, ಇವರು ಯಾರು? ದಿನಾ ಇವರೇ ಪಾಠ ಮಾಡ್ಲಿ," ಅಂದಳೊಬ್ಬಳು. ನಾನು ಫ್ಲೆಕ್ಸಿನ ಅಂಚಿನ ಕಡೆ ನೋಡಿದೆ.

ಅಂಚಿನಲ್ಲಿ ನಿಂತಿದ್ದ ಹುಡುಗಿ ಎಲ್ಲರನ್ನೂ ಒಂದು ಸಲ ನೋಡಿದಳು. ಆಮೇಲೆ ಚಪ್ಪಲಿ ಕಳಚಿ, ಫ್ಲೆಕ್ಸು ದಾಟಿ ಹೋಗಿ ಅವರ ತೋಳು ಹಿಡಿದುಕೊಂಡಳು.

"ನಮ್ಮಪ್ಪ," ಅಂದಳು.